ನಾಯಿಯ ಉಣ್ಣೆಗೆ ಮನೆಮದ್ದು ಸಾಕೇ?

ಪ್ರಶ್ನೆ: ನಮ್ಮ ಮನೆಯಲ್ಲಿ ನಾಲ್ಕು ವರ್ಷದ ಗಂಡು ನಾಯಿಯಿದೆ, ಒಂದು ಬೆಕ್ಕಿದೆ, ಎರಡು ವರ್ಷದ ಮಗುವಿದೆ. ಮೂರು ತಿಂಗಳಿಂದ ನಾಯಿಗೆ ಉಣ್ಣೆ ಹತ್ತುವುದು ನಿಂತೇ ಇಲ್ಲ. ದಿನಕ್ಕೆ ಹತ್ತಿಪ್ಪತ್ತು ಕಿತ್ತು ಉಪ್ಪುನೀರಿಗೆ ಹಾಕುತ್ತೇನೆ. ಮರುದಿನ ನೋಡಿದರೆ ಮತ್ತೆ ಅಷ್ಟೇ ಇರುತ್ತವೆ. ಈಚೆಗೆ ಕಿಟಕಿಯ ಪರದೆಯ ಹಿಂದೆ, ಗೋಡೆಯ ಮೇಲೆ ಹತ್ತುತ್ತಿದ್ದುದನ್ನೂ ಕಂಡೆ. ಕಳೆದ ತಿಂಗಳು ನಾಯಿಗೆ ಜ್ವರ ಬಂದು ಪ್ಲೇಟ್‌ಲೆಟ್ ಇಳಿದಿತ್ತು. ಉಣ್ಣೆಯಿಂದ ಹರಡುವ ಎರ್ಲಿಕಿಯಾ ಎಂಬ ರೋಗವೆಂದು ಹೇಳಿ ವೈದ್ಯರು 28 ದಿನ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ಕೊಟ್ಟರು. ಅದು ಮುಗಿದು ಒಂದು ವಾರವಾಯಿತು. ಉಣ್ಣೆಗೂ ಒಂದು ಮಾತ್ರೆ ಬರೆದುಕೊಟ್ಟಿದ್ದಾರೆ. ಅದರಿಂದ ಫಿಟ್ಸ್ ಬರಬಹುದೆಂದು ಓದಿ, ಹೆದರಿ, ಇನ್ನೂ ಕೊಟ್ಟಿಲ್ಲ. ಬೆಳ್ಳುಳ್ಳಿ ತಿನ್ನಿಸಿ ಎನ್ನುವವರಿದ್ದಾರೆ, ಬೇವಿನೆಣ್ಣೆಗೆ ಕರ್ಪೂರ ಬೆರೆಸಿ ಹಚ್ಚಿ ಎನ್ನುವವರಿದ್ದಾರೆ, ನೆಲಕ್ಕೆ ಉಪ್ಪು ಚೆಲ್ಲಿ ಎನ್ನುವವರೂ ಇದ್ದಾರೆ. ವಿಷ ಬಳಸದೆ, ನೈಸರ್ಗಿಕವಾಗಿಯೇ ಇದನ್ನು ನಿಲ್ಲಿಸಲು ಸಾಧ್ಯವೇ? ಮಗುವಿಗೆ ಏನಾದರೂ ಆದೀತೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಹೆದರಿಕೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಒಂದು ಉಣ್ಣೆಯದು, ಇನ್ನೊಂದು ಉಣ್ಣೆಯನ್ನು ಕೊಲ್ಲುವ ಮದ್ದಿನದು. ನೆಲದ ಮೇಲೆ ಆಡುವ ಮಗು, ದಿನವಿಡೀ ಮೈ ನೆಕ್ಕಿಕೊಳ್ಳುವ ಬೆಕ್ಕು, ಈಗಷ್ಟೇ ಜ್ವರದಿಂದ ಎದ್ದ ನಾಯಿ, ಇವು ಮೂರೂ ಒಂದೇ ಸೂರಿನಡಿ ಇರುವಾಗ ವಿಷದ ಸಹವಾಸವೇ ಬೇಡ ಅನ್ನಿಸುವುದು ಸಹಜ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನೈಸರ್ಗಿಕ ವಿಧಾನಗಳು ಮನೆಯ ಗೋಡೆ, ನೆಲ, ಹಾಸಿಗೆಗಳಲ್ಲಿ ಅಡಗಿದ ಉಣ್ಣೆಯ ಮೇಲೆ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಆದರೆ ನಾಯಿಯ ಮೈಗೆ ಹಚ್ಚುವ ಅಥವಾ ಹೊಟ್ಟೆಗೆ ಕೊಡುವ ಮನೆಮದ್ದುಗಳಿಂದ ಆಗುವ ಉಪಯೋಗ ಬಹಳ ಕಡಿಮೆ. ಅವುಗಳಲ್ಲಿ ಕೆಲವು ನೀವು ಹೆದರುತ್ತಿರುವ ಮಾತ್ರೆಗಿಂತ ಹೆಚ್ಚು ಅಪಾಯಕಾರಿ. ನನ್ನ ಬಳಿ ಬರುವ ಹೆಚ್ಚಿನವರು ಇದಕ್ಕೆ ತದ್ವಿರುದ್ಧವಾಗಿ ನಡೆದುಕೊಂಡಿರುತ್ತಾರೆ: ನಾಯಿಗೆ ಬಗೆಬಗೆಯ ಎಣ್ಣೆ ಹಚ್ಚಿರುತ್ತಾರೆ, ಗೋಡೆಯ ಬಿರುಕನ್ನು ಹಾಗೆಯೇ ಬಿಟ್ಟಿರುತ್ತಾರೆ.

ಉಣ್ಣೆ ಗೋಡೆ ಹತ್ತುತ್ತಿತ್ತೆಂದು ಬರೆದಿದ್ದೀರಿ. ಆ ಒಂದು ಮಾತಿನಿಂದಲೇ ಇದು ಯಾವ ಜಾತಿಯದೆಂದು ಬಹುಮಟ್ಟಿಗೆ ಊಹಿಸಬಹುದು. ಇದು ಕಂದು ನಾಯಿ ಉಣ್ಣೆ; ವೈಜ್ಞಾನಿಕ ಹೆಸರು ರೈಪಿಸೆಫಾಲಸ್ ಸಾಂಗ್ವಿನಿಯಸ್. ಉಣುಗು ಎಂದು ಕರೆಯುವುದೂ ಇಂಥವನ್ನೇ. ಬೇರೆ ಹೆಚ್ಚಿನ ಉಣ್ಣೆಗಳಿಗೆ ಹುಲ್ಲು, ತರಗೆಲೆ, ನೆಲದ ತೇವ ಬೇಕೇ ಬೇಕು. ಒಣ ಮನೆಯೊಳಗೆ ಅವು ಹೆಚ್ಚು ದಿನ ಬಾಳುವುದಿಲ್ಲ. ಈ ಜಾತಿ ಮಾತ್ರ ಮೊಟ್ಟೆಯಿಂದ ಮುಪ್ಪಿನವರೆಗೆ ಇಡೀ ಜೀವನವನ್ನು ಮನೆಯೊಳಗೆ, ಒಂದೇ ನಾಯಿಯನ್ನು ನಂಬಿಕೊಂಡು ಕಳೆಯಬಲ್ಲದು. ರಕ್ತ ಕುಡಿದು ತುಂಬಿದ ಮೇಲೆ ನಾಯಿಯಿಂದ ಉದುರಿ, ಕತ್ತಲಿರುವ ಸಂದಿಯನ್ನು ಹುಡುಕಿಕೊಂಡು ಮೇಲಕ್ಕೆ ಹತ್ತುವುದು ಇದರ ಸ್ವಭಾವ. ಪರದೆಯ ಮಡಿಕೆ, ಬಾಗಿಲ ಚೌಕಟ್ಟು, ಗೋಡೆಗೆ ತೂಗುಹಾಕಿದ ಪಟದ ಹಿಂಬದಿ, ಮಂಚದ ಕೀಲುಗಳು, ನೆಲ ಗೋಡೆ ಕೂಡುವ ಅಂಚಿನ ಬಿರುಕು, ಇವೇ ಇದರ ಮನೆಗಳು.

ಇದು ಕೀಟವಲ್ಲ, ಜೇಡ ಮತ್ತು ಚೇಳುಗಳ ಬಳಗಕ್ಕೆ ಸೇರಿದ ಜೀವಿ. ಮೊಟ್ಟೆಯೊಡೆದು ಬರುವ ಮರಿಗೆ ಆರು ಕಾಲು. ಗಾತ್ರ ಎಷ್ಟು ಚಿಕ್ಕದೆಂದರೆ ನಾಯಿಯ ಕೂದಲ ನಡುವೆ ಮಣ್ಣಿನ ಕಣವೆಂದೇ ಕಣ್ಣು ಮೋಸಹೋಗುತ್ತದೆ. ಅದು ನಾಯಿಯ ಮೇಲೆ ಕೆಲವು ದಿನ ರಕ್ತ ಕುಡಿದು ಉದುರಿ, ಸಂದಿಯಲ್ಲಿ ಪೊರೆ ಕಳಚಿ, ಎಂಟು ಕಾಲಿನ ಎಳೆಯ ಉಣ್ಣೆಯಾಗಿ ಮತ್ತೆ ನಾಯಿಯನ್ನು ಹತ್ತುತ್ತದೆ. ಮತ್ತೆ ಕುಡಿದು, ಮತ್ತೆ ಉದುರಿ, ಇನ್ನೊಮ್ಮೆ ಪೊರೆ ಕಳಚಿ ಬೆಳೆದ ಉಣ್ಣೆಯಾಗುತ್ತದೆ. ಅಂದರೆ ಒಂದು ಉಣ್ಣೆ ಜೀವನದಲ್ಲಿ ಮೂರು ಬಾರಿ ನಾಯಿಯ ಮೇಲೆ ಬರುತ್ತದೆ, ಮೂರು ಬಾರಿಯೂ ಇಳಿದುಹೋಗುತ್ತದೆ. ಮೈಮೇಲೆ ಇರುವುದು ದಿನಗಳ ಲೆಕ್ಕ, ಮನೆಯ ಸಂದಿಯಲ್ಲಿ ಇರುವುದು ವಾರಗಳ, ತಿಂಗಳುಗಳ ಲೆಕ್ಕ. ಬೆಚ್ಚಗಿನ ಮನೆಯಲ್ಲಿ ಈ ಚಕ್ರವೆಲ್ಲ ಎರಡು ಮೂರು ತಿಂಗಳಲ್ಲಿ ಮುಗಿಯಬಹುದು. ತುಂಬಿದ ಹೆಣ್ಣು ಒಂದೇ ಸಲಕ್ಕೆ ಸಾವಿರಾರು ಮೊಟ್ಟೆಯಿಟ್ಟು ಸಾಯುತ್ತದೆ, 4,000ದವರೆಗೂ ಇಡಬಲ್ಲದು. ಬೆಳೆದ ಉಣ್ಣೆ ಏನನ್ನೂ ತಿನ್ನದೆ ಒಂದು ವರ್ಷಕ್ಕೂ ಹೆಚ್ಚು ಕಾಲ ಕಾಯಬಲ್ಲದು.

ಈ ಲೆಕ್ಕ ಗೊತ್ತಾದರೆ, ನೀವು ದಿನವೂ ಇಪ್ಪತ್ತು ಕಿತ್ತರೂ ಮರುದಿನ ಇಪ್ಪತ್ತು ಏಕೆ ಇರುತ್ತವೆಂಬುದು ಗೊತ್ತಾಗುತ್ತದೆ. ನೀವು ಕೀಳುತ್ತಿರುವುದು ಸರದಿಯಲ್ಲಿ ಮುಂದೆ ಬಂದವನ್ನು ಮಾತ್ರ; ಹಿಂದಿರುವ ಸಾಲು ಗೋಡೆಯಲ್ಲಿದೆ. ಒಮ್ಮೆ ಒಂದು ಕುಟುಂಬದವರು, ದಿನಕ್ಕೆ ಮೂರು ಸಲ ನೆಲ ಒರೆಸಿದರೂ ಉಣ್ಣೆ ಕಡಿಮೆಯಾಗುತ್ತಿಲ್ಲವೆಂದು ಬಹಳ ನೊಂದುಕೊಂಡು ನನ್ನನ್ನು ಮನೆಗೇ ಕರೆದಿದ್ದರು. ನೆಲ ಕನ್ನಡಿಯಂತಿತ್ತು. ನಾಯಿ ಮಲಗುವ ಜಾಗದ ಪಕ್ಕದಲ್ಲಿದ್ದ ಮಂಚವನ್ನು ಎಳೆಸಿ, ಅದರ ತಲೆಹಲಗೆಯ ಹಿಂದೆ ಟಾರ್ಚ್ ಹಾಕಿ ನೋಡಿದೆವು. ಸ್ಕ್ರೂ ಕೂರಿಸಿದ ತೂತುಗಳ ಬಾಯಲ್ಲಿ ಗಸಗಸೆಗಿಂತ ಸಣ್ಣ, ಮಿರುಗುವ ಕಂದು ಕಾಳುಗಳ ಗುಪ್ಪೆ, ಅದರ ಪಕ್ಕದಲ್ಲೇ ಒಣಗಿ ಸುಕ್ಕಾಗಿ ಸತ್ತ ತಾಯಿ ಉಣ್ಣೆ. ಅಂಥ ಗುಪ್ಪೆಗಳು ಆ ಒಂದು ಹಲಗೆಯಲ್ಲೇ ಐದಿದ್ದವು. ಒರೆಸುವ ಬಟ್ಟೆ ಅಲ್ಲಿಗೆ ಒಂದು ದಿನವೂ ತಲುಪಿರಲಿಲ್ಲ.

ಆದ್ದರಿಂದ ಮನೆಯಿಂದಲೇ ಆರಂಭಿಸೋಣ. ಇಲ್ಲಿ ನೀವು ಬಯಸುವಂತೆ ವಿಷವಿಲ್ಲದೆಯೇ ಬಹಳಷ್ಟು ಕೆಲಸ ಮಾಡಬಹುದು. ಉಣ್ಣೆಗೆ ನಿಜವಾದ ಶತ್ರುಗಳು ಬಿಸಿ ಮತ್ತು ಒಣಗುವಿಕೆ. ತಣ್ಣೀರಿಗೆ ಅದು ಜಗ್ಗುವುದಿಲ್ಲ. ನೀರಿನಲ್ಲಿ ಮುಳುಗಿದರೂ ಗಂಟೆಗಟ್ಟಲೆ ಬದುಕಿರುತ್ತದೆ, ತಣ್ಣೀರಿನಲ್ಲಿ ಒಗೆದ ಹಾಸಿಗೆಯಿಂದ ಜೀವಂತವಾಗಿ ಎದ್ದು ಬರುತ್ತದೆ. ನಾಯಿಯ ಹಾಸು, ಹೊದಿಕೆ, ಬಟ್ಟೆಯ ಆಟಿಕೆಗಳು, ಹತ್ತಿರದ ಪರದೆ, ಇವನ್ನೆಲ್ಲ ವಾರಕ್ಕೊಮ್ಮೆ 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಗೆಯಿರಿ. ಬಟ್ಟೆ ಒಣಗಿಸುವ ಯಂತ್ರವಿದ್ದರೆ ಹೆಚ್ಚಿನ ಬಿಸಿಯಲ್ಲಿ ಚೆನ್ನಾಗಿ ಗರಿಗರಿಯಾಗುವವರೆಗೆ ಓಡಿಸಿರಿ. ಇಲ್ಲದಿದ್ದರೆ ಸುಡುಬಿಸಿಲಿನಲ್ಲಿ ಹರಡಿ, ನಡುವೆ ಒಮ್ಮೆ ಮಗುಚಿ ಹಾಕಿರಿ. ಹಳೆಯ ಹಾಸನ್ನು ಎಸೆಯುವುದಾದರೆ ಚೀಲದಲ್ಲಿ ಕಟ್ಟಿಯೇ ಎಸೆಯಬೇಕು.

ಸಂದಿಗಳಿಗೆ ಹಬೆ ಬಿಡುವ ಯಂತ್ರ ಅತ್ಯುತ್ತಮ. ಅದರ ಮೂತಿಯನ್ನು ಬಿರುಕಿನ ಗುಂಟ ಬಹಳ ನಿಧಾನವಾಗಿ ನಡೆಸಬೇಕು. ಬೀಸಿ ಹೊಡೆದರೆ ಮೇಲ್ಮೈ ಮಾತ್ರ ಒದ್ದೆಯಾಗುತ್ತದೆ, ಒಳಗಿನ ಮೊಟ್ಟೆಗೆ ಬಿಸಿ ತಾಕುವುದಿಲ್ಲ. ಸಿಮೆಂಟು ಅಥವಾ ಕಲ್ಲಿನ ನೆಲವಾದರೆ ಕುದಿಯುವ ನೀರನ್ನು ಅಂಚಿನ ಬಿರುಕುಗಳಿಗೆ ಹುಯ್ಯಬಹುದು. ಆ ಹೊತ್ತಿನಲ್ಲಿ ಮಗುವೂ ಪ್ರಾಣಿಗಳೂ ಬೇರೆ ಕೋಣೆಯಲ್ಲಿರಲಿ. ಗೋಡೆಗೆ ಬೆಂಕಿಯ ಜ್ವಾಲೆ ಹಿಡಿಯುವವರೂ ಇದ್ದಾರೆ. ಮನೆಯೊಳಗೆ ಅದನ್ನು ದಯವಿಟ್ಟು ಮಾಡಬೇಡಿ. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಕಿರಿದಾದ ಮೂತಿ ಹಾಕಿ ಮೊದಲೆರಡು ವಾರ ದಿನ ಬಿಟ್ಟು ದಿನ ಎಲ್ಲ ಅಂಚುಗಳನ್ನೂ ಹೀರಿಸಿ, ಒಳಗಿನ ಚೀಲವನ್ನು ಕೂಡಲೇ ಬಿಗಿದು ಮನೆಯಿಂದ ಹೊರಗೆ ಹಾಕಿರಿ. ಚೀಲ ಯಂತ್ರದಲ್ಲೇ ಉಳಿದರೆ ಹೀರಿದ ಉಣ್ಣೆ ತೆವಳಿಕೊಂಡು ಹೊರಬರಬಹುದು.

ಇದಾದ ಮೇಲಿನ ಕೆಲಸ ಬಿರುಕು ಮುಚ್ಚುವುದು. ಪುಟ್ಟಿ, ಸಿಮೆಂಟು, ಸುಣ್ಣ, ಯಾವುದಾದರೂ ಆದೀತು. ನನ್ನ ಅನುಭವದಲ್ಲಿ ಮನೆಯೊಳಗಿನ ಉಣ್ಣೆಗೆ ಇದಕ್ಕಿಂತ ಶಾಶ್ವತವಾದ, ಯಾರಿಗೂ ಕೇಡಿಲ್ಲದ ಮದ್ದು ಬೇರೊಂದಿಲ್ಲ, ಆದರೂ ಮಾಡುವವರು ತೀರ ಕಡಿಮೆ. ನಾಯಿ ಮಲಗುವ ಜಾಗವನ್ನು ಒಂದಕ್ಕೇ ಸೀಮಿತಗೊಳಿಸಿ, ಗೋಡೆಯಿಂದ ಎರಡು ಅಡಿಯಾದರೂ ದೂರವಿಡಿ. ಉಣ್ಣೆ ಉದುರುವುದು ನಾಯಿ ಹೆಚ್ಚು ಹೊತ್ತು ಕಳೆಯುವಲ್ಲಿ. ಉದುರುವ ಜಾಗ ಒಂದೇ ಆದರೆ ಹುಡುಕುವ ಜಾಗವೂ ಒಂದೇ.

ಡಯಾಟಮೇಶಿಯಸ್ ಅರ್ತ್ ಎಂಬ ಬಿಳಿ ಪುಡಿಯ ಬಗ್ಗೆಯೂ ನೀವು ಕೇಳಿರಬಹುದು. ಇದು ನೀರಿನ ಸೂಕ್ಷ್ಮ ಪಾಚಿಗಳ ಪಳೆಯುಳಿಕೆಯ ಪುಡಿ. ಉಣ್ಣೆಯ ಮೈಯ ಮೇಣದ ಪದರವನ್ನು ಕೆಡಿಸಿ ಅದನ್ನು ಒಣಗಿಸಿ ಕೊಲ್ಲುತ್ತದೆ, ಆದರೆ ಒಣಗಿರುವವರೆಗೆ ಮಾತ್ರ. ಇದನ್ನು ಬಿರುಕಿನೊಳಗೆ ತುಂಬಿ ಮೇಲೆ ಮುಚ್ಚಿಬಿಡುವುದು ಒಳ್ಳೆಯ ಉಪಾಯ. ನೆಲದ ಮೇಲೆ, ಹಾಸಿಗೆಯ ಮೇಲೆ, ನಾಯಿಯ ಮೈಮೇಲೆ ಚೆಲ್ಲುವುದು ಸರಿಯಲ್ಲ. ಗಾಳಿಯಲ್ಲಿ ಏಳುವ ಆ ದೂಳು ಮಗುವಿನ ಶ್ವಾಸಕೋಶಕ್ಕೂ ನಾಯಿಯ ಶ್ವಾಸಕೋಶಕ್ಕೂ ಹಾನಿಕರ. ಆಹಾರದರ್ಜೆಯದನ್ನೇ ಕೊಳ್ಳಬೇಕು; ಈಜುಕೊಳದ ನೀರು ಸೋಸಲು ಬಳಸುವ ಬಗೆ ಬೇಡವೇ ಬೇಡ. ತುಂಬುವಾಗ ನೀವೂ ಮುಖಗವಸು ಹಾಕಿಕೊಳ್ಳಿ.

ಉಪ್ಪು ಮತ್ತು ಬೊರಾಕ್ಸ್ (ಬಿಳಿಗಾರ) ಉಣ್ಣೆಗೆ ಪ್ರಯೋಜನವಿಲ್ಲ. ಬೊರಾಕ್ಸ್ ಚಿಗಟದ ಮರಿಗಳನ್ನು ಕೊಲ್ಲುವುದು ಅವು ನೆಲದ ಮೇಲಿನ ಕಸವನ್ನು ತಿನ್ನುವುದರಿಂದ. ಉಣ್ಣೆ ರಕ್ತವಲ್ಲದೆ ಬೇರೇನನ್ನೂ ತಿನ್ನುವುದಿಲ್ಲ. ನೆಲದ ಪುಡಿ ಅದರ ಹೊಟ್ಟೆಗೆ ಹೋಗುವ ಹಾದಿಯೇ ಇಲ್ಲ. ಫಿನಾಯಿಲ್ ಬಗ್ಗೆ ಒಂದು ಎಚ್ಚರಿಕೆ: ಬೆಕ್ಕಿನ ಯಕೃತ್ತಿಗೆ ಫಿನಾಲ್ ಬಗೆಯ ಪದಾರ್ಥಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬಹಳ ಕಡಿಮೆ. ಒರೆಸಿದ ನೆಲದ ಮೇಲೆ ನಡೆದು ಪಾದ ನೆಕ್ಕಿದರೂ ಅದಕ್ಕೆ ತೊಂದರೆಯಾಗಬಹುದು.

ಇನ್ನು ನಾಯಿಯ ಮೈಗೆ ಬರೋಣ. ಬೆಳ್ಳುಳ್ಳಿಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಿಮ್ಮ ನಾಯಿಯ ಮಟ್ಟಿಗೆ ಇದು ಎಲ್ಲಕ್ಕಿಂತ ಕೆಟ್ಟ ಸಲಹೆ. ಬೆಳ್ಳುಳ್ಳಿ, ಈರುಳ್ಳಿಗಳಲ್ಲಿರುವ ಗಂಧಕಯುಕ್ತ ಪದಾರ್ಥಗಳು ನಾಯಿಯ ಕೆಂಪು ರಕ್ತಕಣಗಳನ್ನು ಕೆಡಿಸುತ್ತವೆ. ಕೆಟ್ಟ ಕಣಗಳು ಒಡೆದು ರಕ್ತಹೀನತೆ ಬರುತ್ತದೆ. ಒಂದೆರಡು ಎಸಳಿಗೆ ಎಲ್ಲ ನಾಯಿಗಳೂ ಕಾಯಿಲೆ ಬೀಳುವುದಿಲ್ಲ ಎಂಬುದು ನಿಜ, ಅದಕ್ಕೇ ಈ ನಂಬಿಕೆ ಉಳಿದುಕೊಂಡಿದೆ. ಆದರೆ ಉಣ್ಣೆಗಾಗಿ ಕೊಡುವವರು ಒಂದು ದಿನ ಕೊಟ್ಟು ಸುಮ್ಮನಾಗುವುದಿಲ್ಲ, ವಾರಗಟ್ಟಲೆ ಕೊಡುತ್ತಾರೆ. ಉಣ್ಣೆಯೇ ಹರಡುವ ಬಬೇಸಿಯಾ ಎಂಬ ರೋಗಾಣು ಕೂಡ ಕೆಂಪು ರಕ್ತಕಣವನ್ನೇ ಒಡೆಯುತ್ತದೆ. ಎರ್ಲಿಕಿಯಾದಿಂದಲೂ ರಕ್ತ ಕ್ಷೀಣಿಸುತ್ತದೆ. ಹಾಗೆ ಸೊರಗಿದ ರಕ್ತಕ್ಕೆ ಬೆಳ್ಳುಳ್ಳಿಯ ಹೊಡೆತವೂ ಸೇರಿದರೆ ನಾಯಿ ತಡೆದುಕೊಳ್ಳಲಾರದು. ಇಷ್ಟಾಗಿಯೂ ಉಣ್ಣೆ ದೂರವಾಗುವುದೇ ಎಂದರೆ, ಇಲ್ಲ. ಉಣ್ಣೆಯ ಮುಂಗಾಲಿನಲ್ಲಿ ಹಾಲರ್ ಅಂಗವೆಂಬ ಸೂಕ್ಷ್ಮ ಸಂವೇದಕವಿದೆ. ನಾಯಿಯ ಉಸಿರಿನ ಇಂಗಾಲದ ಡೈ ಆಕ್ಸೈಡ್, ಮೈಯ ಬಿಸಿ, ಚರ್ಮದ ವಾಸನೆ, ಇವನ್ನು ಹಿಡಿದು ಅದು ಬರುತ್ತದೆ. ಬೆಳ್ಳುಳ್ಳಿ ತಿಂದ ನಾಯಿಯೂ ಉಸಿರಾಡುತ್ತದೆ, ಅದರ ಮೈಯೂ ಬೆಚ್ಚಗಿರುತ್ತದೆ.

ಕರ್ಪೂರ ಇನ್ನೂ ನೇರವಾದ ವಿಷ. ಎಣ್ಣೆಯಲ್ಲಿ ಕರಗಿದ ಕರ್ಪೂರ ಚರ್ಮದ ಮೂಲಕವೂ, ನೆಕ್ಕಿದಾಗ ಹೊಟ್ಟೆಯ ಮೂಲಕವೂ ಬೇಗನೆ ದೇಹಕ್ಕೆ ಸೇರುತ್ತದೆ, ನರಮಂಡಲವನ್ನು ಕೆಣಕಿ ನಡುಕ ಮತ್ತು ಫಿಟ್ಸ್ ತರುತ್ತದೆ. ಚಿಕ್ಕ ಮಕ್ಕಳು ಅಲ್ಪ ಪ್ರಮಾಣದ ಕರ್ಪೂರ ನುಂಗಿದರೂ ಫಿಟ್ಸ್ ಬರುವುದು ವೈದ್ಯರಿಗೆಲ್ಲ ತಿಳಿದ ವಿಷಯ. ಮಾತ್ರೆಯಿಂದ ಫಿಟ್ಸ್ ಬಂದೀತೆಂದು ಹೆದರಿ ಕರ್ಪೂರದ ಎಣ್ಣೆ ಹಚ್ಚುವುದೆಂದರೆ, ಯಾವುದರಿಂದ ಓಡುತ್ತಿದ್ದೀರೋ ಅದರ ಬಾಯಿಗೇ ಹೋದಂತೆ. ಹೊಗೆಸೊಪ್ಪಿನ ನೀರಿನ ಕಥೆಯೂ ಹೀಗೆಯೇ: ಅದರಲ್ಲಿರುವ ನಿಕೋಟಿನ್ ಚರ್ಮದಿಂದಲೇ ಒಳಗೆ ಇಳಿಯುತ್ತದೆ, ಮರಿಗಳನ್ನು ಕೊಂದಿದೆ. ಟೀ ಟ್ರೀ ಎಣ್ಣೆಯನ್ನು ನೇರವಾಗಿ ಹಚ್ಚಿಸಿಕೊಂಡ ನಾಯಿಗಳು ಹಿಂಗಾಲಿನ ಸ್ವಾಧೀನ ತಪ್ಪಿ, ತೂರಾಡುತ್ತ, ಜೊಲ್ಲು ಸುರಿಸುತ್ತ ಬರುವುದನ್ನು ನಾನೇ ನೋಡಿದ್ದೇನೆ. ಬೆಕ್ಕಿಗಂತೂ ಇಂಥ ಸುಗಂಧತೈಲಗಳೆಲ್ಲ ಇನ್ನೂ ಹೆಚ್ಚು ಅಪಾಯ. ನಾಯಿಗೆ ಹಚ್ಚಿದ್ದು ಜೊತೆಯಲ್ಲಿ ಮಲಗುವ ಬೆಕ್ಕಿನ ನಾಲಿಗೆಗೆ ತಲುಪಿಯೇ ತಲುಪುತ್ತದೆ. ಸೀಮೆಎಣ್ಣೆ ಮತ್ತು ಹೊಲಕ್ಕೆ ಹೊಡೆಯುವ ಕೀಟನಾಶಕಗಳನ್ನು ಯಾವ ಕಾರಣಕ್ಕೂ, ಎಷ್ಟೇ ನೀರು ಬೆರೆಸಿಯೂ, ಪ್ರಾಣಿಯ ಮೈಗೆ ಸೋಕಿಸಬಾರದು.

ಬೇವಿನ ವಿಷಯ ಬೇರೆ. ಅದರಲ್ಲಿರುವ ಅಜಾಡಿರಾಕ್ಟಿನ್ ಉಣ್ಣೆಯ ಬೆಳವಣಿಗೆಗೆ ಅಡ್ಡಿಮಾಡುತ್ತದೆಂಬುದು ಪ್ರಯೋಗಾಲಯದಲ್ಲಿ ಕಂಡ ಸತ್ಯ, ಅದರ ಕಟುವಾಸನೆಗೆ ಉಣ್ಣೆ ಸ್ವಲ್ಪ ಹಿಂಜರಿಯುವುದೂ ಉಂಟು. ತೊಡಕೆಂದರೆ ಅಜಾಡಿರಾಕ್ಟಿನ್ ಬಿಸಿಲಿಗೆ ಬೇಗ ಕೆಡುತ್ತದೆ, ಮೈಯಿಂದ ಒರೆಸಿಹೋಗುತ್ತದೆ, ಆಗಲೇ ಕಚ್ಚಿಕೊಂಡಿರುವ ಉಣ್ಣೆಯನ್ನು ಬಿಡಿಸುವುದಿಲ್ಲ. ಬೇವಿನೆಣ್ಣೆ ಹೊಟ್ಟೆಗೆ ಹೋದರೆ ಎಳೆಮಕ್ಕಳಿಗೂ ಬೆಕ್ಕಿಗೂ ವಿಷ. ಹಾಗಾಗಿ ಮಗು ತಬ್ಬಿಕೊಳ್ಳುವ, ಬೆಕ್ಕು ಜೊತೆಗಿರುವ ನಿಮ್ಮ ಮನೆಯಲ್ಲಿ ನಾನು ಎಣ್ಣೆಯನ್ನು ಹಚ್ಚಿಸುವುದಿಲ್ಲ. ಬೇವಿನ ಸೊಪ್ಪು ಕುದಿಸಿ ಆರಿಸಿದ ನೀರಿನಿಂದ ನಾಯಿಯ ಮೈ ತೊಳೆಯುವುದಾದರೆ ನನ್ನ ಅಡ್ಡಿಯಿಲ್ಲ. ಅದರಿಂದ ಆಗುವ ದೊಡ್ಡ ಲಾಭವೆಂದರೆ ನೀವು ಆ ಹೊತ್ತು ನಾಯಿಯ ಮೈಯನ್ನೆಲ್ಲ ಕೈಯಾಡಿಸಿ ನೋಡುತ್ತೀರಿ ಎಂಬುದು. ಅರಿಸಿನ, ವಿನಿಗರ್, ನಿಂಬೆರಸಗಳಿಂದ ಉಣ್ಣೆ ಸತ್ತದ್ದನ್ನು ನಾನು ಕಂಡಿಲ್ಲ. ಕಚ್ಚಿದ ಗಾಯಕ್ಕೆ ಹುಳಿ ತಾಕಿದರೆ ಉರಿ ಮಾತ್ರ ಹೆಚ್ಚುತ್ತದೆ.

ಕೈಯಿಂದ ಕೀಳುವುದು ಇದ್ದುದರಲ್ಲಿ ಅತ್ಯಂತ ನೈಸರ್ಗಿಕ ವಿಧಾನ. ಸರಿಯಾಗಿ ಮಾಡಿದರೆ ಬಹಳ ಉಪಯುಕ್ತ. ಒಳ್ಳೆಯ ಬೆಳಕಿನಲ್ಲಿ ನಾಯಿಯನ್ನು ಮಲಗಿಸಿಕೊಳ್ಳಿ. ಕಿವಿಯ ಒಳಮಡಿಕೆ, ಕಾಲ್ಬೆರಳ ಸಂದು, ಕೊರಳಪಟ್ಟಿಯ ಕೆಳಗೆ, ಕಂಕುಳು, ತೊಡೆಸಂದು, ಬಾಲದ ಬುಡ, ಕಣ್ಣುರೆಪ್ಪೆಯ ಅಂಚು, ಈ ಜಾಗಗಳನ್ನು ಬೆರಳ ತುದಿಯಿಂದ ತಡವಿ ನೋಡಿ. ಮೊನಚಾದ ಚಿಮುಟದಿಂದ ಉಣ್ಣೆಯ ಹೊಟ್ಟೆಯನ್ನಲ್ಲ, ಚರ್ಮಕ್ಕೆ ಅಂಟಿದ ಅದರ ಬಾಯಿಯ ಭಾಗವನ್ನು ಹಿಡಿಯಿರಿ. ಜರ್ರನೆ ಜಗ್ಗದೆ, ತಿರುಚದೆ, ಒಂದೇ ಸಮನೆ ನೇರವಾಗಿ ಎಳೆಯಿರಿ. ಚರ್ಮ ಪುಟ್ಟ ಗುಡಾರದಂತೆ ಮೇಲೇಳುತ್ತದೆ, ಎರಡು ಮೂರು ಕ್ಷಣ ಹಾಗೆಯೇ ಹಿಡಿದಿಟ್ಟರೆ ಹಿಡಿತ ಕಳಚಿ ಉಣ್ಣೆ ಕೈಗೆ ಬರುತ್ತದೆ. ಎಣ್ಣೆ, ಸ್ಪಿರಿಟ್, ಬೆಂಕಿಕಡ್ಡಿಯ ಬಿಸಿ, ಇವನ್ನು ಅಂಟಿಕೊಂಡಿರುವ ಉಣ್ಣೆಗೆ ತೋರಿಸಬೇಡಿ. ಕೆರಳಿದ ಉಣ್ಣೆ ಗಾಯದೊಳಗೆ ಇನ್ನಷ್ಟು ಎಂಜಲು ಬಿಡಬಹುದು. ತಲೆ ಒಳಗೇ ಉಳಿದರೆ ಅಲ್ಲಿಂದ ಮತ್ತೆ ಉಣ್ಣೆ ಬೆಳೆಯುತ್ತದೆಂಬುದು ಸುಳ್ಳು. ಮುರಿದ ಬಾಯಿಯ ಚೂರನ್ನು ಕೆದಕದೆ ಬಿಟ್ಟರೆ ಸಣ್ಣ ಗಂಟಾಗಿ, ಕೆಲವು ದಿನಗಳಲ್ಲಿ ದೇಹವೇ ಅದನ್ನು ಹೊರಹಾಕುತ್ತದೆ. ಇನ್ನೊಂದು ಮಾತು: ಎಳೆಯುವ ಮುನ್ನ ಕಾಲುಗಳಿವೆಯೇ ಎಂದು ನೋಡಿ. ಗಂಡು ನಾಯಿಯ ಹೊಟ್ಟೆಯ ಮೇಲೂ ಸಣ್ಣ ಮೊಲೆತೊಟ್ಟುಗಳಿರುತ್ತವೆ. ಅವನ್ನು ಉಣ್ಣೆಯೆಂದು ತಿಳಿದು ಎಳೆದು ರಕ್ತ ಬರಿಸಿಕೊಂಡು ಬಂದವರನ್ನು ನಾನು ಹಲವು ಬಾರಿ ಕಂಡಿದ್ದೇನೆ.

ಕಿತ್ತದ್ದನ್ನು ಉಪ್ಪುನೀರಿಗೆ ಹಾಕಿ ಅಂಗಳಕ್ಕೆ ಚೆಲ್ಲಬೇಡಿ. ತುಂಬಿದ ಹೆಣ್ಣು ಅಲ್ಲಿಂದ ತೆವಳಿ ಹೋಗಿ ಮೊಟ್ಟೆಯಿಡಬಲ್ಲದು. ಸ್ಪಿರಿಟ್ ಅಥವಾ ಸ್ಯಾನಿಟೈಸರ್ ತುಂಬಿದ ಮುಚ್ಚಳದ ಬಾಟಲಿಗೆ ಹಾಕಿರಿ. ಉಗುರಿನಿಂದ ಒಡೆಯುವ ಅಭ್ಯಾಸವಿದ್ದರೆ ಇಂದೇ ಬಿಡಿ, ಒಳಗಿನ ರಕ್ತದಲ್ಲಿ ರೋಗಾಣು ಇರಬಹುದು. ಜೊತೆಗೆ, ದಿನಕ್ಕೆ ಎಷ್ಟು ಸಿಕ್ಕವು, ಚಿಕ್ಕವೆಷ್ಟು ದೊಡ್ಡವೆಷ್ಟು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಈ ಲೆಕ್ಕ ಮುಂದೆ ನಿಮಗೆ ಬೇಕಾಗುತ್ತದೆ.

ಈಗ ನೀವು ತಪ್ಪಿಸಿಕೊಳ್ಳಲು ಬಯಸುತ್ತಿರುವ ಮಾತ್ರೆಯ ಮಾತು. ನಿಮ್ಮ ನಾಯಿಗೆ ಎರ್ಲಿಕಿಯಾ ಬಂದಿತ್ತೆಂಬುದು ಇಲ್ಲಿ ಎಲ್ಲವನ್ನೂ ಬದಲಿಸುತ್ತದೆ. ಈ ರೋಗಾಣು ತಾಯಿ ಉಣ್ಣೆಯಿಂದ ಮೊಟ್ಟೆಗೆ ದಾಟುವುದಿಲ್ಲ. ಮರಿ ಉಣ್ಣೆ ಹುಟ್ಟುವಾಗ ಶುದ್ಧವಾಗಿರುತ್ತದೆ. ಅದು ರೋಗವನ್ನು ಪಡೆಯುವುದು ರೋಗವಿರುವ ನಾಯಿಯ ರಕ್ತದಿಂದ. ಕಳೆದ ತಿಂಗಳು ನಿಮ್ಮ ನಾಯಿಗೆ ಜ್ವರವಿದ್ದಾಗ ಅದರ ರಕ್ತ ಕುಡಿದು ಉದುರಿದ ಉಣ್ಣೆಗಳು ಈಗ ನಿಮ್ಮ ಗೋಡೆಯ ಸಂದಿಯಲ್ಲಿ ಪೊರೆ ಕಳಚುತ್ತಿವೆ, ಮುಂದಿನ ಸುತ್ತಿಗೆ ಬರುವಾಗ ರೋಗವನ್ನೂ ಹೊತ್ತು ತರಬಲ್ಲವು. ಒಮ್ಮೆ ಬಂದು ವಾಸಿಯಾದ ನಾಯಿಗೆ ಮತ್ತೆ ಎರ್ಲಿಕಿಯಾ ಬಾರದೆಂಬ ಭರವಸೆಯಿಲ್ಲ. ಕಚ್ಚಿದ ಕೆಲವೇ ಗಂಟೆಗಳಲ್ಲಿ ರೋಗಾಣು ದಾಟಬಹುದಾದ್ದರಿಂದ ದಿನಕ್ಕೊಮ್ಮೆ ಕೀಳುವುದೂ ಪೂರ್ತಿ ರಕ್ಷಣೆಯಲ್ಲ. ಆರೋಗ್ಯವಾಗಿರುವ ನಾಯಿಗೆ ಅಪರೂಪಕ್ಕೆ ಒಂದೆರಡು ಉಣ್ಣೆ ಹತ್ತುವ ಮನೆಯವರು ಹೀಗೆ ಕೇಳಿದ್ದರೆ, ಮೂರು ತಿಂಗಳು ಮನೆ ಶುದ್ಧಿ ಮತ್ತು ಕೈಯಿಂದ ಕೀಳುವುದರಲ್ಲೇ ಪ್ರಯತ್ನಿಸಿ ನೋಡಿ ಎನ್ನುತ್ತಿದ್ದೆ. ನಿಮಗೆ ಹಾಗೆ ಹೇಳಲಾರೆ.

ನಿಮ್ಮ ವೈದ್ಯರು ಬರೆದಿರುವುದು ಬಹುಶಃ ಐಸೊಕ್ಸಜೋಲಿನ್ ಗುಂಪಿನ ಮಾತ್ರೆ. ಫ್ಲೂರಲೇನರ್, ಅಫೊಕ್ಸೊಲೇನರ್, ಸರೊಲೇನರ್ ಇವೆಲ್ಲ ಆ ಗುಂಪಿನವು. ಕೆಲವು ಒಂದು ತಿಂಗಳು, ಫ್ಲೂರಲೇನರ್ ಸುಮಾರು 12 ವಾರ ಕೆಲಸ ಮಾಡುತ್ತದೆ. ನಾಯಿಯ ರಕ್ತ ಕುಡಿದ ಉಣ್ಣೆಯ ನರಗಳನ್ನು ಇದು ಕೆಡಿಸಿ ಒಂದೆರಡು ದಿನಗಳೊಳಗೆ ಕೊಲ್ಲುತ್ತದೆ. ಫಿಟ್ಸ್ ವಿಷಯದಲ್ಲಿ ನೀವು ಓದಿದ್ದು ಕಟ್ಟುಕಥೆಯಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2018ರಲ್ಲಿ ಈ ಗುಂಪಿನ ಔಷಧಿಗಳಿಂದ ಕೆಲವು ನಾಯಿ, ಬೆಕ್ಕುಗಳಲ್ಲಿ ನಡುಕ, ತೂರಾಟ, ಫಿಟ್ಸ್ ಕಂಡುಬಂದಿದೆಯೆಂದು ಎಚ್ಚರಿಸಿತು. ಅದೇ ಎಚ್ಚರಿಕೆಯಲ್ಲಿ ಬಹುಪಾಲು ಪ್ರಾಣಿಗಳಿಗೆ ಇವು ಸುರಕ್ಷಿತವೆಂದೂ ಹೇಳಿತು. ನಿಮ್ಮ ನಾಯಿಗೆ ಹಿಂದೆ ಎಂದಾದರೂ ಫಿಟ್ಸ್ ಬಂದಿದ್ದರೆ ಈ ಮಾತ್ರೆ ಬೇಡ, ಅದನ್ನು ವೈದ್ಯರಿಗೆ ತಿಳಿಸಿ ಬೇರೆ ದಾರಿ ಕೇಳಿ. ಬಂದಿಲ್ಲವಾದರೆ, ನಿಮ್ಮ ಪರಿಸ್ಥಿತಿಯಲ್ಲಿ ನಾನು ಇದನ್ನೇ ಆರಿಸುತ್ತೇನೆ. ಕಾರಣ ನಿಮ್ಮ ಮಗು ಮತ್ತು ಬೆಕ್ಕು: ಮದ್ದು ನಾಯಿಯ ರಕ್ತದಲ್ಲಿರುತ್ತದೆಯೇ ಹೊರತು ಕೂದಲ ಮೇಲೆ ಇರುವುದಿಲ್ಲ, ತಬ್ಬಿಕೊಂಡ ಮಗುವಿನ ಕೈಗೆ ಅಂಟುವುದಿಲ್ಲ. ಮೊದಲ ಮಾತ್ರೆಯನ್ನು ಊಟದ ಜೊತೆ, ನೀವು ಎರಡು ದಿನ ನಾಯಿಯ ಹತ್ತಿರವೇ ಇರುವ ವೇಳೆ ನೋಡಿ ಕೊಡಿ. ವಾಂತಿ ಅಥವಾ ಒಂದು ದಿನದ ಮಂಕು ಕೆಲವು ನಾಯಿಗಳಲ್ಲಿ ಕಾಣುವುದುಂಟು.

ಬೇರೆ ಆಯ್ಕೆಗಳೂ ಇವೆ. ಬೆನ್ನಿಗೆ ಹಾಕುವ ಫಿಪ್ರೊನಿಲ್ ಹನಿಗಳು ಸಾಧಾರಣ ಕೆಲಸ ಮಾಡುತ್ತವೆ. ಹಾಕುವ ಮುಂಚೆ ಮತ್ತು ಆಮೇಲೆ ಎರಡು ದಿನ ಸ್ನಾನ ಬೇಡ, ಒಣಗುವವರೆಗೆ ಮಗುವನ್ನು ದೂರವಿಡಬೇಕು. ಮದ್ದು ಬೆರೆಸಿದ ಕೆಲವು ಕೊರಳಪಟ್ಟಿಗಳು ಉಣ್ಣೆ ಕಚ್ಚುವ ಮೊದಲೇ ಅದನ್ನು ತಡೆಯುವುದರಿಂದ ರೋಗದ ದೃಷ್ಟಿಯಿಂದ ಉತ್ತಮ, ಆದರೆ ಪಟ್ಟಿಯನ್ನು ಬಾಯಿಗೆ ಹಾಕುವ ವಯಸ್ಸಿನ ಮಗುವಿರುವಲ್ಲಿ ನನಗೆ ಹಿಂಜರಿಕೆ. ಪರ್ಮೆಥ್ರಿನ್ ಇರುವ ಯಾವ ಹನಿಯೂ, ಸ್ಪ್ರೇಯೂ ನಿಮ್ಮ ಮನೆಗೆ ಬರಕೂಡದು, ಅದು ಬೆಕ್ಕಿನ ಪ್ರಾಣ ತೆಗೆಯುತ್ತದೆ. ಅಮಿಟ್ರಾಜ್ ದ್ರಾವಣದ ಸ್ನಾನವೂ ಬೆಕ್ಕಿಗೆ ವಿಷ.

ಮಾತ್ರೆ ಕೊಟ್ಟ ಮೇಲೆ ಒಂದು ನಿರಾಸೆ ಕಾದಿರುತ್ತದೆ, ಅದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಮೂರನೆಯ, ನಾಲ್ಕನೆಯ ವಾರದಲ್ಲಿಯೂ ನಾಯಿಯ ಮೇಲೆ ಉಣ್ಣೆ ಕಾಣಿಸುತ್ತವೆ. ಮದ್ದು ಕೆಲಸ ಮಾಡಲಿಲ್ಲವೆಂದು ಅನೇಕರು ಅಲ್ಲಿಗೇ ಕೈಬಿಡುತ್ತಾರೆ. ಅವು ಗೋಡೆಯಿಂದ ಹೊಸದಾಗಿ ಇಳಿದು ಬಂದವು. ನಾಯಿಯನ್ನು ಕಚ್ಚಿ ಸಾಯುತ್ತವೆ, ತಿರುಗಿ ಹೋಗಿ ಮೊಟ್ಟೆಯಿಡುವುದಿಲ್ಲ. ನೀವು ಬರೆದಿಟ್ಟ ಲೆಕ್ಕ ತೆಗೆದು ನೋಡಿ: ಚಪ್ಪಟೆಯಾದ, ಸತ್ತ ಅಥವಾ ಸೊರಗಿದ ಉಣ್ಣೆ ಸಿಗುತ್ತಿದ್ದು, ಹರಳುಬೀಜದಂತೆ ಊದಿದ ಬೂದುಬಣ್ಣದ ಹೆಣ್ಣು ಸಿಗುವುದು ನಿಂತಿದ್ದರೆ ದಾರಿ ಸರಿಯಿದೆ. ಮನೆ ಶುದ್ಧಿಯನ್ನೂ ಮದ್ದನ್ನೂ ಒಟ್ಟಿಗೆ ಮೂರು ತಿಂಗಳಾದರೂ ನಡೆಸಬೇಕು. ಮನೆ ಶುದ್ಧಿ ಚೆನ್ನಾಗಿ ನಡೆದರೆ ಆ ಬಳಿಕ ಮದ್ದನ್ನು ಕಡಿಮೆ ಮಾಡುವ ಮಾತನ್ನು ವೈದ್ಯರೊಡನೆ ಆಡಬಹುದು.

ಅಂಗಳವಿದ್ದರೆ ಹುಲ್ಲು ಗಿಡ್ಡವಾಗಿರಲಿ, ತರಗೆಲೆ ರಾಶಿಬೀಳದಿರಲಿ, ಬಿಸಿಲು ನೆಲಕ್ಕೆ ಬೀಳಲಿ. ಕೋಳಿ ಸಾಕಿದರೆ ಉಣ್ಣೆ ತಿನ್ನುತ್ತವೆ ಎಂಬುದು ನಿಜ, ಆದರೆ ಗೋಡೆಯ ಬಿರುಕಿಗೆ ಕೋಳಿಯ ಕೊಕ್ಕು ಹೋಗುವುದಿಲ್ಲ. ನಿಮ್ಮ ತೊಂದರೆ ಅಂಗಳದಲ್ಲಿಲ್ಲವೆಂದು ನನಗೆ ಅನ್ನಿಸುತ್ತದೆ.

ಮಗುವಿನ ಬಗ್ಗೆ: ಈ ಜಾತಿಯ ಉಣ್ಣೆಗೆ ನಾಯಿಯೇ ಮೊದಲ ಆಯ್ಕೆ. ಆದರೆ ಮನೆಯಲ್ಲಿ ಸಂಖ್ಯೆ ಹೆಚ್ಚಾದಾಗ ಮನುಷ್ಯರನ್ನೂ ಕಚ್ಚುತ್ತದೆ, ರಿಕೆಟ್ಸಿಯಾ ಎಂಬ ರೋಗಾಣುವಿನಿಂದ ಬರುವ ಕೆಲವು ಬಗೆಯ ಜ್ವರಗಳನ್ನು ಹರಡಬಲ್ಲದು. ನಾಯಿ ಮಗುವಿನ ಹಾಸಿಗೆಯಲ್ಲಿ ಮಲಗುವುದು ಸದ್ಯಕ್ಕೆ ಬೇಡ. ಪ್ರತಿ ಸಂಜೆ ಮಗುವಿನ ನೆತ್ತಿ, ಕಿವಿಯ ಹಿಂದೆ, ಕಂಕುಳು, ತೊಡೆಸಂದು ನೋಡಿ. ಉಣ್ಣೆ ಸಿಕ್ಕರೆ ನಾಯಿಗೆ ಹೇಳಿದ ರೀತಿಯಲ್ಲೇ ತೆಗೆದು, ಮುಂದಿನ ಎರಡು ವಾರಗಳೊಳಗೆ ಜ್ವರ ಅಥವಾ ಮೈಮೇಲೆ ಕೆಂಪು ಗುಳ್ಳೆ ಕಾಣಿಸಿಕೊಂಡರೆ, ಉಣ್ಣೆ ಕಚ್ಚಿತ್ತೆಂಬುದನ್ನು ಮೊದಲ ಮಾತಾಗಿ ಮಕ್ಕಳ ವೈದ್ಯರಿಗೆ ಹೇಳಿ.

ಕೊನೆಯದಾಗಿ ನಾಯಿಯ ರಕ್ತ. ಡಾಕ್ಸಿಸೈಕ್ಲಿನ್ ಮುಗಿದು ಒಂದು ವಾರವಾಯಿತೆಂದಿದ್ದೀರಿ. ಈ ವಾರದಲ್ಲಿಯೇ ಪ್ಲೇಟ್‌ಲೆಟ್ ಸೇರಿದಂತೆ ರಕ್ತಪರೀಕ್ಷೆ ಇನ್ನೊಮ್ಮೆ ಆಗಲಿ, ಒಂದೆರಡು ತಿಂಗಳ ನಂತರ ಮತ್ತೊಮ್ಮೆ. ನಡುವೆ ನಾಯಿ ಊಟ ಬಿಟ್ಟು ಮೂಲೆ ಸೇರಿದರೆ, ಒಸಡು ಬಿಳುಚಿಕೊಂಡರೆ, ಹೊಟ್ಟೆಯ ಚರ್ಮದಲ್ಲಿ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು ಕಂಡರೆ ಅದೇ ದಿನ ವೈದ್ಯರಿಗೆ ತೋರಿಸಿ. ಮೂಗಿನಿಂದ ರಕ್ತ ಬಂದರೆ ಅಥವಾ ಮೂತ್ರ ಕಾಫಿಯ ಬಣ್ಣಕ್ಕೆ ತಿರುಗಿದರೆ ಬೆಳಗಾಗಲೆಂದು ಕಾಯದೆ ರಾತ್ರಿಯಾದರೂ ಕರೆದೊಯ್ಯಿರಿ. ಹೋಗುವಾಗ ನೀವು ಉಣ್ಣೆಯ ಲೆಕ್ಕ ಬರೆದ ಪುಸ್ತಕವೂ ಕೈಯಲ್ಲಿರಲಿ. ಯಾವ ದಿನ ಎಷ್ಟು ಕಚ್ಚಿದ್ದವೆಂಬುದು ಗೊತ್ತಾದರೆ ವೈದ್ಯರಿಗೆ ಯಾವ ಪರೀಕ್ಷೆ ಮೊದಲು ಮಾಡಿಸಬೇಕೆಂದು ನಿರ್ಧರಿಸಲು ಸುಲಭವಾಗುತ್ತದೆ.